ತಂದೆಯ ಬಾಗಿಲಲ್ಲಿ ಪರೀಕ್ಷೆಯೇ?

2010ರ ಬ್ರಿಟಿಷ್ ಹಾಸ್ಯಚಿತ್ರ ‘ದಿ ಇನ್‌ಫಿಡೆಲ್’ನ ನಾಯಕ ಮುಸ್ಲಿಮನಾಗಿ ಬೆಳೆದವನು, ಹುಟ್ಟಿನಿಂದ ಯಹೂದಿಯೆಂದು ಅವನಿಗೆ ತಡವಾಗಿ ತಿಳಿಯುತ್ತದೆ. 2015ರಲ್ಲಿ ಅದೇ ಕಥೆ ಹಿಂದಿಯ ‘ಧರಮ್ ಸಂಕಟ್ ಮೇ’ ಆಯಿತು. ಅಲ್ಲಿ ಪರೇಶ್ ರಾವಲ್ ಅಭಿನಯಿಸಿದ ಬ್ರಾಹ್ಮಣ ಧರಮ್‌ಪಾಲ್ ಮುಸ್ಲಿಮರಿಗೆ ಹುಟ್ಟಿ ದತ್ತು ಹೋದವನು. ಹೆತ್ತ ತಂದೆಯನ್ನು ಕಾಣಲು ಹೋದರೆ ಇಮಾಮರು ತಡೆಯುತ್ತಾರೆ. ಮೊದಲು ಮುಸ್ಲಿಮನಾಗುವುದನ್ನು ಕಲಿಯಬೇಕಂತೆ. ಬಳಿಕ ಟೋಪಿ, ಉರ್ದು, ಸಲಾಮಿನ ಪಾಠ, ಪ್ರೇಕ್ಷಕರಿಗೆ ನಗು.

ಆ ನಗುವಿಗೆ ನಾವು ಕೆರಳಬೇಕಿಲ್ಲ. ಆದರೆ ಆ ಇಮಾಮರು ಯಾವ ಇಸ್ಲಾಮಿನ ಪ್ರತಿನಿಧಿ ಎಂದು ಕೇಳಲೇಬೇಕು. ಬಹುದೇವಾರಾಧಕಿಯಾಗಿದ್ದ ತಾಯಿ ತಮ್ಮ ಬಳಿ ಬಂದಾಗ ಅಸ್ಮಾ(ರ) ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದರು. ತಾಯಿಯೊಂದಿಗೆ ಸಂಬಂಧವನ್ನು ಉಳಿಸಿಕೊಳ್ಳುವಂತೆಯೇ ಅವರಿಗೆ ಆದೇಶವಾಯಿತು. ಹೆತ್ತವರ ಹಕ್ಕಿಗೆ ಧರ್ಮದ ಪರೀಕ್ಷೆಯಿಲ್ಲ.

ಚಿತ್ರ ಇದನ್ನು ಹೇಳಲಿಲ್ಲ, ನಿಜ. ನಮ್ಮ ಮನೆಗಳು ಹೇಳುತ್ತಿವೆಯೇ? ಹಾನಗಲ್ಲಿನಲ್ಲಾಗಲಿ, ಸವಣೂರು, ಹಿರೇಕೆರೂರುಗಳಲ್ಲಾಗಲಿ, ಇಸ್ಲಾಮ್ ಸ್ವೀಕರಿಸಿ ಬಂದ ಸೊಸೆಯನ್ನು ತವರಿನ ತಾಯಿಯ ಕಾಯಿಲೆಗೂ ಕಳುಹಿಸದ ಅತ್ತೆ ಮಾವಂದಿರಿದ್ದರೆ, ಅವರೇ ಆ ಚಿತ್ರದ ಇಮಾಮರು. ಅಂಥವರಿಗೆ ಚಿತ್ರವನ್ನು ದೂರುವ ಅರ್ಹತೆಯಿಲ್ಲ.

ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಜನಿಸಿದ ಶರೀಫರನ್ನು ನೆನೆಯಿರಿ. ಇಮಾಮ್ ಸಾಹೇಬರ ಮಗನಿಗೆ ಕಳಸದ ಬ್ರಾಹ್ಮಣ ಗುರು ಗೋವಿಂದಭಟ್ಟರು ಮನೆಯ ಬಾಗಿಲು ತೆರೆದರು. ಜಾತಿಯವರ ಮುನಿಸನ್ನು ಲೆಕ್ಕಿಸಲಿಲ್ಲ. ಅನ್ಯಧರ್ಮದ ಗುರು ಶಿಷ್ಯನಿಗೆ ತೆರೆದ ಬಾಗಿಲನ್ನು, ಅದೇ ನೆಲದಲ್ಲಿ, ಹೆತ್ತವರಿಗೆ ನಾವು ಮುಚ್ಚುವುದೇ?