ಮಗುವಿನ ಪ್ರಶ್ನೆಯನ್ನು ಅಡಗಿಸಬಾರದು

ಕಳೆದ ಬೇಸಗೆಯ ರಜೆಯಲ್ಲಿ ನಾವು ತಮ್ಮನ ಕುಟುಂಬದೊಡನೆ ತಿರುವನಂತಪುರಕ್ಕೆ ಹೋಗಿದ್ದಾಗ, ಅದರ ಸಮೀಪದ ತುಂಬಾ ಎಂಬ ಕಡಲತೀರದ ಊರಿನಲ್ಲಿರುವ ಬಾಹ್ಯಾಕಾಶ ವಸ್ತುಸಂಗ್ರಹಾಲಯವನ್ನು ನೋಡುವ ಭಾಗ್ಯವು ಒದಗಿತು. ಆ ದಿನ ನಮ್ಮಿಂದಾದ ಒಂದು ತಪ್ಪನ್ನು ಹಳೇ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಅರಿಕೆ ಮಾಡುವದು ನಮ್ಮ ಕರ್ತವ್ಯವೆಂದು ಎಣಿಸುತ್ತೇವೆ.

ಈ ಸಂಗ್ರಹಾಲಯವು ಇರುವದು ಮಗ್ದಲದ ಮರಿಯಳ ಹೆಸರಿನ ಹಳೆಯ ದೇವಾಲಯದಲ್ಲಿ. ಭೂಮಿಯ ಕಾಂತೀಯ ವಿಷುವದ್ರೇಖೆಯು ಈ ಊರಿನ ಬಳಿಯಲ್ಲಿಯೇ ಹಾದುಹೋಗುವದರಿಂದ, ಮೇಲಣ ವಾಯುಮಂಡಲವನ್ನು ಪರೀಕ್ಷಿಸುವದಕ್ಕೆ ಇದೇ ತಕ್ಕ ಸ್ಥಳವೆಂದು ವಿಕ್ರಮ ಸಾರಾಭಾಯಿಯವರೂ ಅವರ ಸಂಗಡಿಗರೂ ಆರಿಸಿದರು. ಆದರೆ ಅಲ್ಲಿ ಬೆಸ್ತರ ಮನೆಗಳೂ ಅವರ ದೇವಾಲಯವೂ ಇದ್ದವು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಆದಿತ್ಯವಾರದ ಆರಾಧನೆಯಲ್ಲಿ ಸಭೆಯವರನ್ನೇ ಕೇಳಿ ಒಪ್ಪಿಗೆ ಪಡೆದರೆಂದು ಅಬ್ದುಲ್ ಕಲಾಂ ಅವರು ಬರೆದಿರುವರು. ಬೆಸ್ತರು ಬೇರೆಡೆಗೆ ಹೋದರು. ಪ್ರಾರ್ಥನೆಯ ಸ್ಥಳವು ಪ್ರಯೋಗಶಾಲೆಯಾಯಿತು. ಬಿಷಪರ ಕೊಠಡಿಯು ನಕ್ಷೆ ಬರೆಯುವ ಕಚೇರಿಯಾಯಿತು. 1963ನೇ ನವೆಂಬರ್ 21ರ ಸಂಜೆ, ಅಮೇರಿಕದಿಂದ ತಂದ ನೈಕ್-ಅಪಾಚೆ ಎಂಬ ರಾಕೆಟ್ಟು ಅಲ್ಲಿಂದ ಮೊದಲು ಹಾರಿತು.

ತಮ್ಮನ ಮಗನು, "ಇದು ಎಷ್ಟು ಎತ್ತರಕ್ಕೆ ಹೋಗುತ್ತದೆ?" ಎಂದು ಕೇಳಿದಾಗ ನಾವೆಲ್ಲರೂ ಸಂತೋಷದಿಂದ ಉತ್ತರ ಹೇಳಿದೆವು. ಅವನ ತಂಗಿ, ಒಂಬತ್ತು ವರ್ಷದವಳು, ಗೋಡೆಗಳನ್ನು ಬಹಳ ಹೊತ್ತು ನೋಡಿ, "ಅತ್ತೆ, ಮನೆ ಬಿಟ್ಟು ಹೋಗುವಾಗ ಇಲ್ಲಿಯ ಮಕ್ಕಳನ್ನು ಯಾರಾದರೂ ಕೇಳಿದರೇ?" ಎಂದಳು. ಸುತ್ತಲಿದ್ದವರು ತಿರುಗಿ ನೋಡಿದರು. ನಾವು ನಾಚಿ, "ಹೆಣ್ಣುಮಕ್ಕಳು ಅಧಿಕಪ್ರಸಂಗ ಮಾಡಬಾರದು, ಸುಮ್ಮನಿರು" ಎಂದೆವು. ಆಮೇಲೆ ಅವಳು ಸಂಜೆಯ ವರೆಗೂ ಏನನ್ನೂ ಕೇಳಲಿಲ್ಲ.

ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ "ಪ್ರಶ್ನೆ ಕೇಳಿರಿ" ಎಂದು ಬೋಧಿಸಿದ ನಾವೇ ಹೀಗೆ ಮಾಡಿದ ಮೇಲೆ ಮನೆಗಳಲ್ಲಿ ಏನಾಗುತ್ತಿರುವದೋ! ಯಂತ್ರದ ವಿಷಯವಾದ ಪ್ರಶ್ನೆಗೆ ಮೆಚ್ಚುಗೆ, ಮನುಷ್ಯರ ವಿಷಯವಾದ ಪ್ರಶ್ನೆಗೆ ಗದರಿಕೆ. ಹುಡುಗನು ಕೇಳಿದರೆ ಬುದ್ಧಿ, ಹುಡುಗಿಯು ಕೇಳಿದರೆ ಬಾಯಿಬಡುಕತನ. ಇದು ನ್ಯಾಯವಲ್ಲ. ವಿದ್ಯೆಯ ಬೆಲೆಯನ್ನು ಯಾರು ತೆತ್ತರೆಂದು ಕೇಳುವದೂ ವಿದ್ಯೆಯೇ ಸರಿ.

ಹೆಚ್ಚು ಪ್ರಶ್ನೆ ಕೇಳಿದರೆ ಹುಡುಗಿಯರಲ್ಲಿ ವಿನಯವು ಕೆಡುವದೆಂದು ಕೆಲವರು ಅಂಜುತ್ತಾರೆ. ಹೇಗೆ ಕೇಳಬೇಕೆಂಬದನ್ನು ಕಲಿಸೋಣ. ಕೇಳಬಾರದೆಂದು ಕಲಿಸುವದು ಬೇಡ. 2019ರಲ್ಲಿ ಚಂದ್ರಯಾನ-2ರ ಯೋಜನಾ ನಿರ್ದೇಶಕರಾಗಿದ್ದ ಎಂ. ವನಿತಾ ಅವರೂ ಅದರ ಕಾರ್ಯಾಚರಣೆಯ ನಿರ್ದೇಶಕರಾಗಿದ್ದ ರಿತು ಕರಿಧಾಲ್ ಅವರೂ ಸ್ತ್ರೀಯರೇ. ಕೇಳುವದಕ್ಕೆ ಅಂಜಿದವರಿಗೆ ಅಂಥ ಕೆಲಸವು ಕೈಗೂಡುವದೇ? ಆ ದೇವಾಲಯಕ್ಕೆ ಯಾರ ಹೆಸರಿದೆಯೋ ಆ ಮರಿಯಳು ಪುನರುತ್ಥಾನದ ವಾರ್ತೆಯನ್ನು ತಂದಾಗ ಶಿಷ್ಯರು ಮೊದಲು ನಂಬಲಿಲ್ಲವೆಂಬದನ್ನು ನಾವು ಮರೆಯಬಾರದು.

ಆ ರಾತ್ರಿ ನಾವು ಮಗುವನ್ನು ಬಳಿಗೆ ಕರೆದು, "ನಿನ್ನ ಪ್ರಶ್ನೆಯು ಒಳ್ಳೆಯದು, ಗದರಿಸಿದ್ದು ನಮ್ಮ ತಪ್ಪು. ಹಿರಿಯರನ್ನು ಕೇಳಿದರಮ್ಮಾ, ಮಕ್ಕಳನ್ನೂ ಕೇಳತಕ್ಕದ್ದೇ" ಎಂದೆವು. ಅವಳು ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಇನ್ನೊಂದು ಕೇಳಲೇ?" ಎಂದಳು.

ಪ್ರಿಯ ತಾಯಿತಂದೆಗಳೇ, ರಜೆಯಲ್ಲಿ ಮಕ್ಕಳನ್ನು ಇಂಥ ಸ್ಥಳಗಳಿಗೆ ಕರೆದೊಯ್ಯಿರಿ. ಹೆಣ್ಣುಮಕ್ಕಳನ್ನು ಬುತ್ತಿಯ ಚೀಲ ಕಾಯುವದಕ್ಕೆ ಹೊರಗೆ ಕೂರಿಸಬೇಡಿರಿ. ಅವರು ಕೇಳಿದ್ದಕ್ಕೆ ಕಿವಿಗೊಡಿರಿ. ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.