ತಪ್ಪು ತಾಯಿಯದೇ?

ಕರೆದರೆ ಓಗೊಡದ, ಓರಗೆಯ ಮಕ್ಕಳೊಡನೆ ಬೆರೆಯದ ಮಗುವನ್ನು ಕಂಡೊಡನೆ ನಮ್ಮ ಜನ ತೀರ್ಪು ಕೊಟ್ಟುಬಿಡುತ್ತಾರೆ: “ತಾಯಿ ಸರಿಯಾಗಿ ಸಾಕಲಿಲ್ಲ.” ಓದಿದವರೂ ಇದಕ್ಕೆ ಹೊರತಲ್ಲ. ೧೯೪೩ರಲ್ಲಿ ಲಿಯೋ ಕ್ಯಾನರ್ ೧೧ ಮಕ್ಕಳನ್ನು ಪರೀಕ್ಷಿಸಿ, ಆಟಿಸಂ ಹುಟ್ಟಿನೊಡನೆಯೇ ಬಂದದ್ದೆಂದು ಬರೆದಿದ್ದರೂ, ೧೯೬೭ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರು ತಂದೆತಾಯಿಯರ, ಅದರಲ್ಲೂ ತಾಯಿಯ, ಮಮತೆಯಿಲ್ಲದ ಮನಸ್ಸೇ ಅದಕ್ಕೆ ಮೂಲವೆಂದು ದೊಡ್ಡ ಗ್ರಂಥವನ್ನೇ ಹೊರತಂದರು. ಆ ಮಾತಿನಿಂದ ಬೆಂದ ತಾಯಂದಿರು ಎಷ್ಟು ಮಂದಿಯೋ! ಇಂದು ಆ ವಾದ ಬಿದ್ದುಹೋಗಿದೆ. ಆಟಿಸಂ ಮಿದುಳಿನ ಬೆಳವಣಿಗೆಗೆ ಸೇರಿದ್ದು. ಅದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. ಅಂಥ ಮಕ್ಕಳಲ್ಲಿ ಅನೇಕರು ತಾಯಿಯನ್ನು ತಮ್ಮದೇ ರೀತಿಯಲ್ಲಿ ಹಚ್ಚಿಕೊಂಡೇ ಇರುತ್ತಾರೆ.

ಹಾಗೆಂದು ಸಾಕಣೆಯ ಮಾತನ್ನೇ ತಳ್ಳಿಹಾಕಲಾಗದು. ಶೈಶವದಲ್ಲಿ ತನ್ನವರೆಂಬ ಒಬ್ಬರೂ ದೊರೆಯದ ಮಗು, ಬಿದ್ದು ನೋವಾದರೂ ಯಾರ ಮಡಿಲನ್ನೂ ಅರಸದಿರಬಹುದು. ಇಲ್ಲವೇ ಗುರುತಿಲ್ಲದವರ ಕೈಹಿಡಿದು ಹೊರಟೇಬಿಡಬಹುದು. ಇದು ಬಾಂಧವ್ಯದ ತೊಡಕು. ಹೊರನೋಟಕ್ಕೆ ಮೊದಲನೆಯ ಬಗೆಯ ಮಗುವೂ ಆಟಿಸಂನ ಮಗುವೂ ಒಂದೇ.

ಎಷ್ಟು ಒಂದೇ ಎಂಬುದನ್ನು ರುಮೇನಿಯಾ ತೋರಿಸಿತು. ೧೯೮೯ರಲ್ಲಿ ಚೌಷೆಸ್ಕುವಿನ ಆಳ್ವಿಕೆ ಉರುಳಿದ ಮೇಲೆ, ಅಲ್ಲಿನ ಅನಾಥಾಲಯಗಳಲ್ಲಿ ತೊಟ್ಟಿಲಲ್ಲೇ ಕೊಳೆಯುತ್ತಿದ್ದ ಕೂಸುಗಳು ಲೋಕದ ಕಣ್ಣಿಗೆ ಬಿದ್ದವು. ಬ್ರಿಟನ್ನಿನ ಮನೆಗಳಿಗೆ ದತ್ತುಹೋದ ೧೬೫ ರುಮೇನಿಯನ್ ಮಕ್ಕಳನ್ನು ಮೈಕೇಲ್ ರಟರ್ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ಗಮನಿಸಿದರು. ಅನಾಥಾಲಯದಿಂದ ಬಂದ ಕೆಲವರಲ್ಲಿ ಕಂಡದ್ದು ಆಟಿಸಂನಂಥವೇ ಲಕ್ಷಣಗಳು! ಆದರೆ ಇವರಲ್ಲಿ ಜನರ ಬಗೆಗೆ ಆಸಕ್ತಿ ಹೆಚ್ಚಿತ್ತು. ಆರು ವರ್ಷ ತುಂಬುವಷ್ಟರಲ್ಲಿ ಹಲವರ ಲಕ್ಷಣಗಳು ಇಳಿಮುಖವಾದವು. ಇನ್ನೊಂದು ಸೋಜಿಗ: ಆರು ತಿಂಗಳಿಗೂ ಹೆಚ್ಚುಕಾಲ ಅಲ್ಲಿ ನರಳಿದವರಲ್ಲಿ ಕೆಲವರಿಗೆ ಮನಸ್ಸು ನಿಲ್ಲದ ಚಂಚಲತೆ, ಒಳ್ಳೆಯ ಮನೆ ಸೇರಿದ ಮೇಲೂ ಪ್ರಾಯದವರೆಗೆ ಬಿಡಲಿಲ್ಲ. ಎ.ಡಿ.ಎಚ್.ಡಿ. ಎಂದು ನಾವು ಕರೆಯುವ, ಸಾಮಾನ್ಯವಾಗಿ ಹುಟ್ಟಿನ ಬಳುವಳಿಯಾಗಿರುವ ಚಂಚಲತೆಗೂ ಇದಕ್ಕೂ ಹೋಲಿಕೆ ಬಹಳ.

ಆದುದರಿಂದ ಲಕ್ಷಣಗಳ ಪಟ್ಟಿ ಹಿಡಿದು ಕಾಯಿಲೆಗೆ ಹೆಸರಿಡುವುದು ಸಾಲದೆಂದೇ ನನ್ನ ವಾದ. ಮಗುವಿನ ಮೊದಲೆರಡು ವರ್ಷಗಳ ಕಥೆಯನ್ನು ಕೇಳಬೇಕು. ಕಥೆಯೊಂದೇ ಸಾಕೆಂದೂ ಅಲ್ಲ. ಅನಾಥಾಲಯದಲ್ಲಿಯೂ ಆಟಿಸಂನ ಮಗು ಇರಬಹುದಷ್ಟೆ. ಒಂದೇ ಆಟವನ್ನು ಮತ್ತೆ ಮತ್ತೆ ಆಡುವುದು, ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಇವೆಯೇ ಎಂದೂ ನೋಡಬೇಕು.

ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಆಟಿಸಂನ ಮಗುವಿನ ತಾಯಿ ಶಾಲೆಗೆ ಬಂದಾಗ ಅವಳಿಗೆ ಬೇಕಾದುದು ಬುದ್ಧಿವಾದವಲ್ಲ, ಮಾತು ಕಲಿಸುವ ನೆರವು. ಅನಾಥಾಲಯದ ಮಗುವಿಗೆ ಬೇಕಾದುದು, ಮೊದಲಿಗೆ, ಮುಂದಿನ ತಿಂಗಳೂ ಅಲ್ಲಿಯೇ ಇರುವ ಒಬ್ಬರು.