ಕುದುರೆ ನಡೆದ ಹಾದಿ

ಇಂಗ್ಲೆಂಡಿನ ಲೀಡ್ಸ್ ಮತ್ತು ಲಿವರ್‌ಪೂಲ್ ನಗರಗಳನ್ನು ಕೂಡಿಸುವ ಕಾಲುವೆಯ ಉದ್ದ ಸುಮಾರು 204 ಕಿಲೋಮೀಟರು. 1770ರಲ್ಲಿ ಆರಂಭವಾದ ಅದರ ಕೆಲಸ ಮುಗಿದುದು 1816ರಲ್ಲಿ. ಕಲ್ಲಿದ್ದಲು, ಸುಣ್ಣಕಲ್ಲುಗಳನ್ನು ತುಂಬಿದ ದೋಣಿಗಳನ್ನು ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. ಕಾಲಕ್ರಮದಲ್ಲಿ ಯಂತ್ರಗಳು ಬಂದು ಕುದುರೆಗಳು ಮರೆಯಾದವು, ಹಾದಿ ಉಳಿಯಿತು. ಇಂದು ಅಲ್ಲಿ ಸೈಕಲ್ಲುಗಳು ಸಾಗುತ್ತವೆ. ಮೋಟಾರಿನ ಭಯವಿಲ್ಲ, ಹೊಗೆಯಿಲ್ಲ. ಮರ ಸಾಗಿಸಲೆಂದು ಆ ದೇಶದ ಕಾಡುಗಳಲ್ಲಿ ಹಾಕಿದ ಜಲ್ಲಿಯ ದಾರಿಗಳಿಗೂ ಇದೇ ಭಾಗ್ಯ ಒದಗಿದೆ.

ಆದರೆ ವಾಹನವಿಲ್ಲದ ಹಾದಿ ಜನರಿಲ್ಲದ ಹಾದಿಯಲ್ಲ. ಕಾಲುವೆಯ ದಂಡೆ ಕಿರಿದು. ವೃದ್ಧರು, ಮಕ್ಕಳು, ಮೀನು ಹಿಡಿಯುವವರು ಅಲ್ಲಿರುತ್ತಾರೆ. ಸೇತುವೆಯ ಕಮಾನಿನಡಿ ಎದುರಿಗೆ ಬರುವವರು ಕಾಣುವುದಿಲ್ಲ. ಅಲ್ಲಿ ವೇಗದಿಂದ ನುಗ್ಗುವ ಸವಾರನಿಗೂ ಹೆದ್ದಾರಿಯಲ್ಲಿ ಅವನನ್ನು ಅಂಜಿಸುವ ಲಾರಿಗೂ ಏನು ಭೇದ?

1968ರ ಕಾಯಿದೆಯೊಂದು ಇಂಗ್ಲೆಂಡಿನ ಹಳ್ಳಿಗಾಡಿನ ಕುದುರೆಹಾದಿಗಳನ್ನು ಸೈಕಲ್ಲಿಗೆ ತೆರೆಯಿತು; ಜೊತೆಯಲ್ಲೇ ಪಾದಚಾರಿಗಳಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂದು ವಿಧಿಸಿತು. ಇದು ಎಲ್ಲ ಹಾದಿಗಳಿಗೂ ಸಲ್ಲಬೇಕಾದ ನೀತಿ. ಬಲಶಾಲಿಯಿಂದ ನಾವು ಬಯಸುವ ದಾಕ್ಷಿಣ್ಯವನ್ನು ನಮಗಿಂತ ದುರ್ಬಲರಿಗೆ ಮೊದಲು ನಾವೇ ತೋರಬೇಕು. ಗಂಟೆ ಬಾರಿಸಿ, ವೇಗ ತಗ್ಗಿಸಿ, ಅಗತ್ಯವಾದರೆ ಇಳಿದು ನಡೆಯುವವನೇ ಆ ನೆಮ್ಮದಿಯ ಹಾದಿಗೆ ಅರ್ಹನು.